ಮುಚ್ಚಿದ ಕಾರ್ಖಾನೆಯನ್ನು ಕಲಾ ಗ್ಯಾಲರಿ ಮಾಡೋದು: ನಮ್ಮಲ್ಲಿ ಆಗುತ್ತಾ?

ಥೇಮ್ಸ್_ದಡ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಕೆಲಸ ಲಂಡನ್ನಿನಲ್ಲಿ. ಮಲ್ಲೇಶ್ವರದ ಹಳೇ ಮೈಸೂರು ಲ್ಯಾಂಪ್ಸ್ ಬಲ್ಬ್ ಕಾರ್ಖಾನೆಯ ಜಾಗದಲ್ಲಿ ಬೆಂಗಳೂರಿನ ಕಥೆ ಹೇಳುವ ಕೇಂದ್ರ ಮಾಡಬೇಕು ಅನ್ನೋ ಮಾತು ಕೆಲವು ವರ್ಷಗಳಿಂದ ಇದೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ವಿದ್ಯುತ್ ಉಪಕರಣ ಕಾರ್ಖಾನೆ ಬಗ್ಗೆಯೂ ಆಗಾಗ ಒಂದೊಂದು ಸುದ್ದಿ ಬರುತ್ತೆ. ಎರಡೂ ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಇಂಥ ಕಡೆ ಈ ಕಾಲದ ಕಲೆಗೆ ಒಂದು ದೊಡ್ಡ ಗ್ಯಾಲರಿ ಯಾಕಾಗಬಾರದು?

ಕೇಳೋಕೆ ಕಾರಣ ಇಲ್ಲಿನ ಟೇಟ್ ಮಾಡರ್ನ್ ಅನ್ನೋ ಕಲಾ ಗ್ಯಾಲರಿ. ಅದು ಮೊದಲು ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ, ಎಣ್ಣೆ ಸುಟ್ಟು ಕರೆಂಟ್ ಮಾಡುತ್ತಿದ್ದ ಜಾಗ. ವಿನ್ಯಾಸ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಇಂಗ್ಲೆಂಡಿನ ಕೆಂಪು ಟೆಲಿಫೋನ್ ಡಬ್ಬವೂ ಅವರದೇ. 1947ರಲ್ಲಿ ಶುರುವಾಗಿ ಎರಡು ಹಂತದಲ್ಲಿ 1963ಕ್ಕೆ ಮುಗಿದ ಕಟ್ಟಡ, 1981ಕ್ಕೆ ಬಂದ್. ಎಣ್ಣೆ ಬೆಲೆ ಏರಿ ನಡೆಸುವುದೇ ಕಷ್ಟವಾಯಿತು. ಪೂರ್ತಿ ಕಟ್ಟಿ ಮುಗಿದ ಮೇಲೆ ಓಡಿದ್ದು 18 ವರ್ಷ ಮಾತ್ರ! ಆಮೇಲೆ ಸುಮ್ನೆ ಬಿದ್ದಿತ್ತು. ಕೆಡವಿಬಿಡಿ ಅಂದವರೂ ಇದ್ದರು. 1994ರಲ್ಲಿ ಟೇಟ್ ಸಂಸ್ಥೆ ಇದೇ ಬೇಕು ಅಂತ ಆರಿಸಿಕೊಂಡಿತು.

ವಾಸ್ತುಶಿಲ್ಪಿಗಳಾದ ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ದ ಮ್ಯೂರಾನ್ ಮಾಡಿದ್ದರಲ್ಲಿ ನನಗೆ ಇಷ್ಟವಾಗಿದ್ದು ಅವರು ಮಾಡದೇ ಬಿಟ್ಟಿದ್ದು. ಟರ್ಬೈನ್ ಇದ್ದ ಹಾಲ್ ಸುಮಾರು 150 ಮೀಟರ್ ಉದ್ದ, 35 ಮೀಟರ್ ಎತ್ತರ. ಯಂತ್ರ ತೆಗೆದು ಅದನ್ನು ಖಾಲಿ ಬಿಟ್ಟರು. ಅಂತಸ್ತು ಹಾಕಿ ತುಂಬಿಸಲಿಲ್ಲ. ಯಂತ್ರದ ಭಾಗ ಎತ್ತುತ್ತಿದ್ದ ಕ್ರೇನ್ ಮೇಲೆ ಹಾಗೇ ಇದೆ. ಈಗ ಅದು ಶಿಲ್ಪ ಎತ್ತುತ್ತೆ. ಪಶ್ಚಿಮದ ಬಾಗಿಲಿನಿಂದ ಅಗಲವಾದ ಇಳಿಜಾರು, ಜನ ಅದರಲ್ಲಿ ನಡೆದು ಒಳಗೆ ಇಳಿಯುತ್ತಾರೆ. ಮಕ್ಕಳಂತೂ ಉರುಳಿಕೊಂಡೇ ಹೋಗುತ್ತವೆ. ಕಟ್ಟಡದ ಒಂದು ಭಾಗದಲ್ಲಿ ಗ್ಯಾಲರಿ ಬಂದ ಮೇಲೂ ಸಬ್‌ಸ್ಟೇಷನ್ ಕೆಲಸ ನಿಲ್ಲಿಸಲಿಲ್ಲ. 2000ದ ಮೇ ತಿಂಗಳಲ್ಲಿ ತೆರೆದರು, ಮೊದಲ ವರ್ಷವೇ 50 ಲಕ್ಷಕ್ಕೂ ಜಾಸ್ತಿ ಜನ ಬಂದರು.

ನಮ್ಮಲ್ಲಿ ಅಡ್ಡ ಬರೋದು ಏನು? ದುಡ್ಡಾ, ಮನಸ್ಸಾ?

ಸಂಪಿಗೆ_ರಸ್ತೆ

ನಮ್ಮಲ್ಲೂ ಆಗಿದೆಯಲ್ಲ ಸ್ವಾಮಿ. ರಾಜಾ ಮಿಲ್ ಜಾಗ ಮಾಲ್ ಆಯ್ತು. ಬಿನ್ನಿ ಮಿಲ್ ಜಾಗ ಅಪಾರ್ಟ್‌ಮೆಂಟ್ ಆಯ್ತು, ಹೆಸರು ಮಾತ್ರ ಬಿನ್ನಿಪೇಟೆಯಲ್ಲಿ ಉಳೀತು. ಇನ್ನೆಷ್ಟು ಪರಿವರ್ತನೆ ಬೇಕು ನಿಮಗೆ?

ಸುಣ್ಣ_ಗಾರೆ

ಹಳೇ ಕಟ್ಟಡ ಉಳಿಸುವ ಕೆಲಸದಲ್ಲಿರುವವಳು ನಾನು. ಸಂಪಿಗೆ ರಸ್ತೆಯವರ ಕುಹಕ ಸರಿಯಾಗಿಯೇ ಇದೆ. ಅದರ ಜೊತೆಗೆ ಕೆಲಸದ ಮಾತೂ ಸ್ವಲ್ಪ ಆಗಲಿ.

ಕಾರ್ಖಾನೆ ಶೆಡ್ ಗ್ಯಾಲರಿಗೆ ಒಗ್ಗುತ್ತೆ ಅನ್ನೋದಕ್ಕೆ ಗಟ್ಟಿ ಕಾರಣ ಇದೆ. ಗರಗಸದ ಹಲ್ಲಿನ ಹಾಗಿರುವ ಛಾವಣಿ ನೋಡಿರುತ್ತೀರಿ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ ಗಾಜು. ಆ ಗಾಜು ಉತ್ತರಕ್ಕೆ ಮುಖ ಮಾಡಿರುತ್ತೆ. ನೇರ ಬಿಸಿಲು ಹೆಚ್ಚು ಬೀಳದೆ ದಿನವಿಡೀ ಒಂದೇ ಥರ ಬೆಳಕು. ನೂಲು ಹರಿದದ್ದು ಕಾಣಲಿ ಅಂತ ಮಿಲ್ಲಿನವರು ಮಾಡಿಕೊಂಡ ವ್ಯವಸ್ಥೆ ಅದು. ಚಿತ್ರ ಬಿಡಿಸುವವರಿಗೆ ಬೇಕಾದದ್ದೂ ಅದೇ ಬೆಳಕು. ಬೀಜಿಂಗಿನ 798 ಅನ್ನೋ ಕಲಾ ಬಡಾವಣೆ ನಿಂತಿರುವುದೇ ಇಂಥ ಶೆಡ್‌ಗಳ ಮೇಲೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯವರು ವಿನ್ಯಾಸ ಮಾಡಿಕೊಟ್ಟ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ಕಮಾನಿನ ಮೇಲೆ ಬರೆದಿದ್ದ ಮಾವೋ ಕಾಲದ ಘೋಷಣೆಗಳನ್ನೂ ಅಳಿಸದೆ ಬಿಟ್ಟಿದ್ದಾರೆ. ಇನ್ನು ನೆಲ. ಟನ್‌ಗಟ್ಟಲೆ ಯಂತ್ರ ಹೊತ್ತ ನೆಲಕ್ಕೆ ಕಲ್ಲಿನ ಶಿಲ್ಪ ಯಾವ ಲೆಕ್ಕ? ಬಾಗಿಲೂ ಲಾರಿ ಬರುವಷ್ಟು ದೊಡ್ಡದು.

ಕಷ್ಟ ಶುರುವಾಗೋದು ಕಣ್ಣಿಗೆ ಕಾಣದ ಕಡೆ. ಮೇಲಿನ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಅದನ್ನು ಒಡೆದು ತೆಗೆದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತೆ. ತೆಗೆಯೋಕೆ ಬೇರೆಯೇ ಕ್ರಮ ಇದೆ, ಅದಕ್ಕೆ ದುಡ್ಡೂ ಬೇಕು. ಹಳೇ ಬಣ್ಣದಲ್ಲಿ ಸೀಸ. ಟ್ರಾನ್ಸ್‌ಫಾರ್ಮರ್ ಎಣ್ಣೆ ನೆಲಕ್ಕೆ ಇಳಿದಿದ್ದರೆ ಮಣ್ಣನ್ನೇ ಅಗೆದು ಸಾಗಿಸಬೇಕು. ಟ್ಯೂಬ್‌ಲೈಟ್ ಮಾಡುತ್ತಿದ್ದ ಯಾವುದೇ ಜಾಗದಲ್ಲಿ ಪಾದರಸದ ಪರೀಕ್ಷೆ ಮಾಡದೆ ಶಾಲಾ ಮಕ್ಕಳನ್ನು ಒಳಗೆ ಬಿಡಬಾರದು. ಉದ್ಘಾಟನೆಯ ಭಾಷಣದಲ್ಲಿ ಇದ್ಯಾವುದೂ ಬರಲ್ಲ.

ಇನ್ನೊಂದು, ತೇವ. ದೊಡ್ಡ ಮ್ಯೂಸಿಯಂಗಳಿಂದ ಚಿತ್ರ ಎರವಲು ತರಬೇಕಾದರೆ ಗಾಳಿಯ ತೇವ ಶೇ. 50ರ ಆಸುಪಾಸು, ಉಷ್ಣತೆ ಇಪ್ಪತ್ತರ ಮೇಲೆ ಸ್ವಲ್ಪ, ವರ್ಷವಿಡೀ ಹಾಗೇ ಇರಬೇಕು ಅಂತಾರೆ. ಮೂವತ್ತಡಿ ಎತ್ತರದ ಶೆಡ್ಡಿಗೆ ಪೂರ್ತಿ ಏಸಿ ಹಾಕೋದು ಹುಚ್ಚುತನ. ಶೆಡ್ ಒಳಗೆ ಒಂದು ಮುಚ್ಚಿದ ಕೋಣೆ ಕಟ್ಟಿ, ನಾಜೂಕಿನ ಕೃತಿಗಳಿಗೆ ಅಲ್ಲಿ ಮಾತ್ರ ಏಸಿ ಕೊಟ್ಟು, ಉಳಿದದ್ದನ್ನು ಗಾಳಿಯಾಡುವ ಹಾಗೆ ಬಿಡಬೇಕು. ಆಗ ಅಲ್ಲಿ ಏನು ಇಡಬಹುದು ಅನ್ನೋದನ್ನು ಕಟ್ಟಡವೇ ಹೇಳುತ್ತೆ. ಅದಕ್ಕೇ ಗ್ಯಾಲರಿ ನಡೆಸುವವರು ಯಾರು, ಏನು ತೋರಿಸುತ್ತಾರೆ ಅನ್ನೋದು ನಕ್ಷೆಗಿಂತ ಮೊದಲು ಗೊತ್ತಿರಬೇಕು. ನಮ್ಮಲ್ಲಿ ಉಲ್ಟಾ. ಮೊದಲು ಟೆಂಡರ್, ಆಮೇಲೆ ಯೋಚನೆ.

ಕೇಪ್‌ಟೌನಿನ ಜೈಟ್ಸ್ ಮ್ಯೂಸಿಯಂ ನೋಡಿ. 1924ರಲ್ಲಿ ಶುರುವಾದ ಧಾನ್ಯದ ಗೋದಾಮು, ಒತ್ತೊತ್ತಾಗಿ ನಿಂತ 42 ಕಾಂಕ್ರೀಟ್ ಕೊಳವೆ. ಥಾಮಸ್ ಹೆದರ್‌ವಿಕ್ ಅವರು ಒಂದು ಕಾಳಿನ ಆಕಾರವನ್ನು ದೊಡ್ಡದು ಮಾಡಿ, ಆ ಆಕಾರದಲ್ಲಿ ಕೊಳವೆಗಳನ್ನು ಕೊರೆದು ನಡುವೆ ಹಾಲ್ ಮಾಡಿದರು. 2017ರಲ್ಲಿ ತೆರೆದರು. ಕತ್ತೆತ್ತಿ ನೋಡಿದರೆ ಮೈ ಜುಮ್ಮೆನ್ನುತ್ತೆ. ಆದರೆ ಹಾಲ್ ದಾಟಿದರೆ ಎಲ್ಲ ಊರಲ್ಲೂ ಇರುವ ಬಿಳಿ ಗೋಡೆಯ ಕೋಣೆಗಳು. ಕಟ್ಟಡಕ್ಕೂ ಕಲೆಗೂ ಅಲ್ಲಿ ಮಾತುಕತೆ ನಿಂತುಹೋಗುತ್ತೆ. ನನ್ನ ಅಭಿಪ್ರಾಯ ಇದು, ಒಪ್ಪದವರು ಬೇಕಾದಷ್ಟು ಜನ ಇದ್ದಾರೆ.

ಮೂರನೇ_ಪಾಳಿ

ಎಲ್ಲರೂ ಛಾವಣಿ, ಬೆಳಕು, ಕಾಳಿನ ಆಕಾರ ಅಂತಿದ್ದೀರಿ. ಒಳಗೆ ಕೆಲಸ ಮಾಡಿದವರ ವಿಷಯ ಇನ್ನೂ ಒಬ್ಬರೂ ಎತ್ತಿಲ್ಲ.

ನಮ್ಮಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಯಾವುದು ಅಂತ ಹೇಳಲ್ಲ. ಬಾಗಿಲು ಹಾಕಿದಾಗ ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದರು. ಅಮ್ಮ ಬಟ್ಟೆ ಹೊಲಿದು ನಮ್ಮನ್ನು ಓದಿಸಿದರು. ಅಪ್ಪನ ಹಾಜರಿ ಬಿಲ್ಲೆ ಇನ್ನೂ ನಮ್ಮ ಮನೆಯಲ್ಲಿದೆ, ಹಿತ್ತಾಳೆಯದು. ನಂಬರ್ ಸವೆದು ಹೋಗಿದೆ.

ಈಗ ಅಂಥ ಜಾಗದಲ್ಲಿ ಗ್ಯಾಲರಿ ಮಾಡಿದರೆ ಏನಾಗುತ್ತೆ ಅಂತ ನನಗೆ ಗೊತ್ತು. ಗೋಡೆಯ ಮೇಲೆ ಕಾರ್ಮಿಕರ ಕೈಗಳ ಕಪ್ಪು ಬಿಳುಪು ಫೋಟೋ ದೊಡ್ಡದಾಗಿ ಹಾಕುತ್ತಾರೆ. ಆ ಕೈ ಯಾರದು ಅಂತ ಹೆಸರು ಬರೆಯಲ್ಲ. ಪಕ್ಕದಲ್ಲಿ ಮುನ್ನೂರು ರೂಪಾಯಿ ಕಾಫಿ. ತುಕ್ಕು ಹಿಡಿದ ಲೇತ್ ಯಂತ್ರಕ್ಕೆ ಸ್ಪಾಟ್‌ಲೈಟ್. ಆ ಲೇತಿನಲ್ಲಿ ಬೆರಳು ಕಳೆದುಕೊಂಡವರು ಟಿಕೆಟ್ ತಗೊಂಡು ಒಳಗೆ ಬರಬೇಕು.

ಗ್ಯಾಲರಿ ಬೇಡ ಅಂತಿಲ್ಲ. ಮಾಲ್‌ಗಿಂತ ಸಾವಿರ ಪಾಲು ವಾಸಿ. ಆದರೆ ಸಮಿತಿ ಮಾಡುವಾಗ ಅಲ್ಲಿ ದುಡಿದವರು ಇಬ್ಬರಾದರೂ ಇರಲಿ. ಯಾವ ಯಂತ್ರ ಎಲ್ಲಿತ್ತು, ಯಾವ ಕಂಬದ ಹತ್ತಿರ ನೀರು ನಿಲ್ಲುತ್ತಿತ್ತು, ಯಾವ ಗೋಡೆ ಬಿಸಿಯಾಗುತ್ತಿತ್ತು ಅಂತ ನಿಮ್ಮ ಆರ್ಕಿಟೆಕ್ಟ್‌ಗಿಂತ ಚೆನ್ನಾಗಿ ಅವರು ಹೇಳುತ್ತಾರೆ. ಈಗಲೇ ಕೇಳಿ. ಎಲ್ಲರಿಗೂ ಎಪ್ಪತ್ತು ದಾಟಿದೆ.

ಎಸೆನ್_ಹುಬ್ಬಳ್ಳಿ

ಮೂರನೇ ಪಾಳಿ ಅಕ್ಕಾರೆ, ನೀವು ಹೇಳಿದ್ದು ಇಲ್ಲಿ ಜರ್ಮನಿಯಲ್ಲಿ ಒಂದು ಮಟ್ಟಿಗೆ ಆಗಿದೆ. ನಾನಿರುವ ಎಸೆನ್ ಊರಲ್ಲಿ ಜೋಲ್‌ಫೆರೈನ್ ಅಂತ ದೊಡ್ಡ ಕಲ್ಲಿದ್ದಲು ಗಣಿ ಇತ್ತು. 1986ರಲ್ಲಿ ಮುಚ್ಚಿತು. ಈಗ ಯುನೆಸ್ಕೊ ಪಟ್ಟಿಯಲ್ಲಿದೆ, 2001ರಿಂದ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡ ಮ್ಯೂಸಿಯಂ ಆಗಿದೆ, ಬಾಯ್ಲರ್ ಮನೆ ವಿನ್ಯಾಸದ ಮ್ಯೂಸಿಯಂ ಆಗಿದೆ. ಅಲ್ಲಿ ಸುತ್ತಾಡಿಸಿ ತೋರಿಸುವವರಲ್ಲಿ ಹಳೇ ಗಣಿ ಕೆಲಸಗಾರರೂ ಇದ್ದಾರೆ. ನಮ್ಮನ್ನು ಕರೆದುಕೊಂಡು ಹೋದ ಅಜ್ಜ ಒಂದು ಯಂತ್ರದ ಮುಂದೆ ನಿಂತು ಅದರ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಆ ಸದ್ದಿನಲ್ಲಿ ಮಾತು ಕೇಳದೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ. ಸನ್ನೆಗಳನ್ನೂ ತೋರಿಸಿದರು. ಒಂದೆರಡು ಸನ್ನೆ ಹೆಂಗಸರ ಮುಂದೆ ಬೇಡ ಅಂತ ನಕ್ಕು ಬಿಟ್ಟರು.

ಇನ್ನೊಂದು ಒಳ್ಳೇ ವಿಚಾರ ಅಂದರೆ ದಾರಿ. ಜನರನ್ನು ಉದ್ದನೆಯ ಎಸ್ಕಲೇಟರ್‌ನಲ್ಲಿ ಸೀದಾ 24 ಮೀಟರ್ ಮೇಲಕ್ಕೆ ಒಯ್ಯುತ್ತಾರೆ, ಆಮೇಲೆ ಅಂತಸ್ತು ಅಂತಸ್ತಾಗಿ ಕೆಳಗೆ ಇಳಿಸುತ್ತಾರೆ. ಕಲ್ಲಿದ್ದಲೂ ಹಾಗೇ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಬೋರ್ಡ್ ಓದದಿದ್ದರೂ ಕಟ್ಟಡದ ಕೆಲಸ ಕಾಲಿಗೆ ಗೊತ್ತಾಗುತ್ತೆ.

ಬಣ್ಣದ_ಡಬ್ಬಿ

ಕಲಾವಿದನ ಕಡೆಯಿಂದ ಎರಡು ಮಾತು. ಎರಡು ಅಂತ ಹೇಳಿ ಹತ್ತು ಆಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ದೊಡ್ಡ ಜಾಗ ಅಂದರೆ ಕಲಾವಿದರಿಗೆ ಆಸೆಯೂ ಹೌದು, ಭಯವೂ ಹೌದು. ಮೂರಡಿ ಕ್ಯಾನ್ವಾಸನ್ನು ಟರ್ಬೈನ್ ಹಾಲ್‌ನಲ್ಲಿ ತೂಗುಹಾಕಿದರೆ ಅಂಚೆಚೀಟಿ ಥರ ಕಾಣುತ್ತೆ. ಹಾಗಾಗಿ ಆ ಜಾಗಕ್ಕೆ ಅಂತಲೇ ಕೃತಿ ಮಾಡಿಸುತ್ತಾರೆ. 2003ರಲ್ಲಿ ಒಲಾಫುರ್ ಎಲಿಯಾಸನ್ ಅಲ್ಲಿ ಒಂದು ಸೂರ್ಯನನ್ನು ಮಾಡಿದರು. ಅರ್ಧ ವೃತ್ತದಲ್ಲಿ ಹಳದಿ ದೀಪಗಳು, ಮೇಲೆ ಸೂರಿಗೆ ಪೂರ್ತಿ ಕನ್ನಡಿ, ಅದರಲ್ಲಿ ಉಳಿದರ್ಧ ಕಾಣುತ್ತಿತ್ತು. ಜೊತೆಗೆ ತೆಳುವಾಗಿ ಮಂಜು. ಜನ ನೆಲದ ಮೇಲೆ ಅಂಗಾತ ಮಲಗಿ ಮೇಲಿನ ಕನ್ನಡಿಯಲ್ಲಿ ತಮ್ಮನ್ನು ಹುಡುಕುತ್ತಿದ್ದರು. 2007ರಲ್ಲಿ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ನೆಲದಲ್ಲೇ ಬಿರುಕು ಬಿಡಿಸಿದರು, 167 ಮೀಟರ್ ಉದ್ದ. ವಲಸೆ ಬಂದವರನ್ನು ಬೇರೆ ಮಾಡಿ ಇಡುವ ಗೆರೆ ಅದು. ಪ್ರದರ್ಶನ ಮುಗಿದ ಮೇಲೆ ಸಿಮೆಂಟ್ ತುಂಬಿ ಮುಚ್ಚಿದರು, ಗುರುತು ಇನ್ನೂ ಇದೆ. 2010ರಲ್ಲಿ ಚೀನಾದ ಕಲಾವಿದ ಐ ವೈವೈ 10 ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜ ಹರವಿದರು. ಒಂದೊಂದಕ್ಕೂ ಕೈಯಲ್ಲೇ ಬಣ್ಣ. ಅದರ ಮೇಲೆ ನಡೆದಾಡಲಿ ಅಂತ ಇಟ್ಟದ್ದು. ಜನ ತುಳಿದು ಪಿಂಗಾಣಿ ಧೂಳು ಎದ್ದು, ಕೆಲವೇ ದಿನದಲ್ಲಿ ಹಗ್ಗ ಕಟ್ಟಿ ದೂರದಿಂದ ನೋಡಿ ಅಂದರು.

ಇವೆಲ್ಲ ಸಾಮಾನ್ಯ ಕೋಣೆಯಲ್ಲಿ ಆಗದ ಕೆಲಸ. ಆದರೆ ಪ್ರತಿ ಸಲ ಇಷ್ಟು ದೊಡ್ಡದು ಮಾಡಿಸೋಕೆ ಯಾರೋ ದುಡ್ಡು ಹಾಕಬೇಕಲ್ಲ? ಅಲ್ಲಿ ದೊಡ್ಡ ಕಂಪನಿಗಳು ಹಾಕಿದವು. ನಮ್ಮಲ್ಲಿ ಜಾಗ ಕೊಟ್ಟು, ಕೃತಿಗೆ ದುಡ್ಡು ಕೊಡದೆ, "ನಿಮಗೂ ಹೆಸರು ಬರುತ್ತೆ" ಅಂತಾರೆ. ಹೆಸರು ತಗೊಂಡು ಬಾಡಿಗೆ ಕಟ್ಟೋಕೆ ಆಗಲ್ಲ.

ನಮಗೆ ಹತ್ತಿರದ ಉದಾಹರಣೆ ಕೊಚ್ಚಿ. ಅಲ್ಲಿನ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, 2012ರ ಡಿಸೆಂಬರ್ 12ಕ್ಕೆ ಶುರುವಾಯಿತು. ಆಗಿನ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್, ಮೆಣಸು, ಶುಂಠಿ, ತೆಂಗಿನ ನಾರು ಎಲ್ಲ ವ್ಯಾಪಾರ ಮಾಡುತ್ತಿದ್ದ ಕಂಪನಿಯ ಸಮುದ್ರದಂಚಿನ ಗೋದಾಮು. ಮೊದಲ ಸಲ ವಿವಾನ್ ಸುಂದರಂ ಅಲ್ಲಿ ಕೇರಳದ ಪಟ್ಟಣಂ ಅನ್ನೋ ಊರಿನ ಉತ್ಖನನದಲ್ಲಿ ಸಿಕ್ಕಿದ್ದ ಮಡಕೆ ಚೂರುಗಳಿಂದ ಒಂದು ಊರನ್ನೇ ಹರಡಿದ್ದರು, ಜೊತೆಗೆ ಕಾಳುಮೆಣಸು. ಮೆಣಸಿನ ಗೋದಾಮಿನಲ್ಲಿ ಮೆಣಸು! ಅಲ್ಲಿ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಆ ಕೃತಿಯ ಅರ್ಧ ಜೀವ ಹೋಗುತ್ತಿತ್ತು. ಹಾಗಂತ ಎಲ್ಲ ಚಂದ ಅಲ್ಲ. 2022ರಲ್ಲಿ ಉದ್ಘಾಟನೆ ಡಿಸೆಂಬರ್ 12ರಿಂದ 23ಕ್ಕೆ ಹೋಯಿತು, ಕಲಾವಿದರೇ ಸೇರಿ ಬಹಿರಂಗ ಪತ್ರ ಬರೆದರು. ಮಳೆ ಒಂದು ಕಾರಣ, ತಯಾರಿ ಸಾಲದ್ದು ಇನ್ನೊಂದು.

ಸಂಪಿಗೆ_ರಸ್ತೆ

798ರಲ್ಲಿ ಕೊನೆಗೆ ಏನಾಯ್ತು ಅಂತ ಸುಣ್ಣ ಗಾರೆ ಮೇಡಂ ಹೇಳಲೇ ಇಲ್ಲ. ಕಲಾವಿದರು ಕಡಿಮೆ ಬಾಡಿಗೆ ಅಂತ ಹೋದರು, ಜಾಗಕ್ಕೆ ಹೆಸರು ಬಂತು, ಬಾಡಿಗೆ ಏರಿತು, ಕಲಾವಿದರು ಗಂಟುಮೂಟೆ ಕಟ್ಟಿದರು. ಈಗ ಅಂಗಡಿ, ಕೆಫೆ, ಮದುವೆ ಫೋಟೋ.

ಸುಣ್ಣ_ಗಾರೆ

ನಿಜ. ಅದಕ್ಕೇ ಜಾಗದ ಒಡೆತನ ಸಾರ್ವಜನಿಕವಾಗೇ ಇರಬೇಕು ಅನ್ನೋದು. ಗೋಡೆ ರಿಪೇರಿಗಿಂತ ಕರಾರು ಪತ್ರ ಮುಖ್ಯ.

ಜಮಾ_ಖರ್ಚು

ಕರಾರು ಅಂದಿರಲ್ಲ, ಲೆಕ್ಕ ನಾನು ಹೇಳುತ್ತೇನೆ. ಟೇಟ್ ಮಾಡರ್ನ್ ಕಟ್ಟಡ ಸಜ್ಜು ಮಾಡೋಕೆ 13.4 ಕೋಟಿ ಪೌಂಡ್ ಆಯಿತು. ಅದರಲ್ಲಿ ದೊಡ್ಡ ಪಾಲು ಲಾಟರಿ ದುಡ್ಡು, ಬ್ರಿಟನ್ನಿನಲ್ಲಿ ರಾಷ್ಟ್ರೀಯ ಲಾಟರಿಯ ಒಂದು ಭಾಗ ಇಂಥದ್ದಕ್ಕೆ ಹೋಗುತ್ತೆ. 2016ರಲ್ಲಿ ಹಿಂದೆ ಹತ್ತು ಅಂತಸ್ತಿನ ಹೊಸ ಭಾಗ ಸೇರಿಸಿದರು, ಅದಕ್ಕೆ 26 ಕೋಟಿ ಪೌಂಡ್. ಹಳೇ ಸ್ಥಾವರಕ್ಕಿಂತ ಅದರ ಬಾಲಕ್ಕೆ ಜಾಸ್ತಿ ಖರ್ಚು!

ಆದರೆ ಕಟ್ಟುವ ಖರ್ಚು ಒಂದು ಸಲ. ಕಾವಲು, ವಿಮೆ, ಕರೆಂಟ್, ಸಂಬಳ ಪ್ರತಿ ತಿಂಗಳು. ಅಲ್ಲಿ ಸಂಗ್ರಹ ನೋಡೋಕೆ ಟಿಕೆಟ್ ಇಲ್ಲ. ಸರ್ಕಾರದ ಅನುದಾನ, ವಿಶೇಷ ಪ್ರದರ್ಶನದ ಟಿಕೆಟ್, ಸದಸ್ಯತ್ವ, ಅಂಗಡಿ, ಹೋಟೆಲು, ದಾನಿಗಳು, ಹೀಗೆ ನಾಲ್ಕಾರು ಕಡೆಯಿಂದ ದುಡ್ಡು ಕೂಡಿಸುತ್ತಾರೆ. ನಮ್ಮಲ್ಲಿ ಕಟ್ಟಡಕ್ಕೆ ಅನುದಾನ ಸುಲಭವಾಗಿ ಸಿಗುತ್ತೆ, ಯಾಕೆಂದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಐದನೇ ವರ್ಷದ ಕರೆಂಟ್ ಬಿಲ್ಲಿಗೆ ಯಾರ ಹೆಸರು ಕೆತ್ತೋದು?

ಅಕ್ಕಪಕ್ಕದವರನ್ನೂ ಮರೆಯಬೇಡಿ. ಆ ಹೊಸ ಭಾಗದ ಮೇಲಿನ ವೀಕ್ಷಣಾ ಜಗಲಿಯಿಂದ ಎದುರಿನ ಗಾಜಿನ ಫ್ಲ್ಯಾಟುಗಳ ಒಳಗೆಲ್ಲ ಕಾಣುತ್ತಿತ್ತು. ಜನ ಫೋಟೋ ತೆಗೆಯೋಕೆ ಶುರುಮಾಡಿದರು. ಫ್ಲ್ಯಾಟಿನವರು ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತು, 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 3-2ರಿಂದ ಗೆದ್ದರು. ಮಲ್ಲೇಶ್ವರದಲ್ಲಿ ಹೀಗಾದರೆ ಕೇಸು ಮೂರು ತಲೆಮಾರು ನಡೆಯುತ್ತೆ.

ಜೆಪ್ಪು_ಹೆಂಚು

ಬೆಂಗಳೂರು ಬಿಟ್ಟು ಸ್ವಲ್ಪ ಕೆಳಗೆ ಇಳಿಯಿರಿ ಮಾರಾಯ್ರೆ. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಾ ಇವೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಉದ್ಯಮ. ನೇತ್ರಾವತಿಯ ಆವೆಮಣ್ಣು, ದೋಣಿಯಲ್ಲಿ ಸಾಗಾಟ. ಕಾಂಕ್ರೀಟ್ ತಾರಸಿ ಬಂತು, ಹೆಂಚಿಗೆ ಗಿರಾಕಿ ಕಡಿಮೆಯಾಯಿತು.

ಆ ಕಟ್ಟಡಗಳ ಒಳಗೆ ಹೋಗಿದ್ದೀರಾ ಯಾರಾದರೂ? ಕೆಳಗೆ ಕುಲುಮೆ, ಅದರ ಮೇಲೆ ಮರದ ಅಟ್ಟ. ಹಲಗೆ ಹಲಗೆಯ ನಡುವೆ ಸಂದು ಬಿಟ್ಟಿರುತ್ತಾರೆ. ಕೆಳಗಿನ ಬಿಸಿ ಆ ಸಂದಿನಿಂದ ಮೇಲೆ ಬಂದು ಹಸಿ ಹೆಂಚು ಒಣಗುತ್ತೆ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು, ಅದಕ್ಕೆ ಈ ಉಪಾಯ. ಸಂಜೆ ಬೆಳಕು ಆ ಸಂದಿನಿಂದ ಗೆರೆ ಗೆರೆಯಾಗಿ ಕೆಳಗೆ ಬೀಳುತ್ತೆ. ಹೆಂಚಿನ ಹಿಂದೆ ಕಾರ್ಖಾನೆಯ ಹೆಸರು ಒತ್ತಿರುತ್ತಾರಲ್ಲ, ಆ ಅಚ್ಚುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ, ಗುಜರಿಯವನಿಗೆ ತೂಕದ ಲೆಕ್ಕ.

ನನಗೆ ಗೊತ್ತಿರುವ ಒಂದು ಕಾರ್ಖಾನೆ ಇದೆ, ಮಾಲೀಕರಿಗೆ ಆಸಕ್ತಿ ಉಂಟು. ಟೇಟ್ ಲೆಕ್ಕ ಎಲ್ಲ ಬೇಡ ನಮಗೆ. ಒಂದು ಅಟ್ಟ, ವರ್ಷಕ್ಕೆ ಎರಡು ಪ್ರದರ್ಶನ, ಮಣ್ಣಿನ ಕೆಲಸ ಮಾಡುವ ಕಲಾವಿದರು. ಕುಲುಮೆ ಅಲ್ಲೇ ಇದೆ, ಸುಟ್ಟು ಅಲ್ಲೇ ತೋರಿಸಲಿ. ಆಗುತ್ತಾ ಹೇಳಿ ಸುಣ್ಣ ಗಾರೆ ಮೇಡಂ.

ಮೂರನೇ_ಪಾಳಿ

ಇದು ಕೇಳೋಕೆ ಚೆನ್ನಾಗಿದೆ. ಆ ಕಾರ್ಖಾನೆಯಲ್ಲಿ ಹೆಂಚು ಹೊತ್ತ ಹೆಂಗಸರು ಇನ್ನೂ ಊರಲ್ಲಿ ಇರುತ್ತಾರಲ್ವಾ? ಮಣ್ಣಿನ ಹದ ಅವರಿಗೆ ಗೊತ್ತಿರುತ್ತೆ. ಕಲಾವಿದರ ಜೊತೆ ಅವರನ್ನೂ ಕೂಲಿ ಕೊಟ್ಟು ಸೇರಿಸಿ. ಉದ್ಘಾಟನೆ ದಿನ ಆರತಿ ತಟ್ಟೆ ಹಿಡಿಯೋಕೆ ಅಲ್ಲ.

ಬಣ್ಣದ_ಡಬ್ಬಿ

ನಾನು ಬರುತ್ತೇನೆ. ಆದರೆ 2016ರ ನೆನಪು ಎಲ್ಲರಿಗೂ ಇರಲಿ. ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ ಕಲಾವಿದರೆಲ್ಲ ಬೀದಿಗಿಳಿದಿದ್ದರು. ಒಪ್ಪಂದ ಒಳ್ಳೇದಾ ಕೆಟ್ಟದ್ದಾ ಅನ್ನೋದು ಆಮೇಲಿನ ಮಾತು, ನಮ್ಮನ್ನು ಕೇಳಲಿಲ್ಲ ಅನ್ನೋದೇ ಮೊದಲ ಸಿಟ್ಟು. ಚಿಕ್ಕ ಹೆಂಚಿನ ಕಾರ್ಖಾನೆಯಾದರೂ ಮಾತು ಕಾಗದದ ಮೇಲೆ ಬರಲಿ. ಎಷ್ಟು ವರ್ಷಕ್ಕೆ, ಸೋರಿದರೆ ಯಾರ ಖರ್ಚು, ಕೃತಿ ಹಾಳಾದರೆ ಯಾರು ಹೊಣೆ.

ಸುಣ್ಣ_ಗಾರೆ

ಜೆಪ್ಪು ಅವರೇ, ಆಗುತ್ತೆ. ಆದರೆ ಅಟ್ಟದ ಮೇಲೆ ಐವತ್ತು ಜನ ಒಟ್ಟಿಗೆ ನಿಲ್ಲೋದು ಬೇರೆ ಭಾರ. ಹೆಂಚು ಒಂದೇ ಕಡೆ ಸುಮ್ಮನೆ ಕೂತಿರುತ್ತೆ, ಜನ ಹಾಗಲ್ಲ, ಒಂದು ಕಡೆ ಗುಂಪು ಸೇರುತ್ತಾರೆ. ತೊಲೆಯ ಅಗಲ, ದಪ್ಪ, ಎರಡು ತೊಲೆಯ ನಡುವಿನ ಅಂತರ, ಗೋಡೆಯೊಳಗೆ ಹೋಗಿರುವ ತುದಿಯ ಸ್ಥಿತಿ ಬೇಕು. ಆ ತುದಿಯಲ್ಲೇ ಗೆದ್ದಲು ಇರೋದು. ಚಾಕುವಿನಿಂದ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಆ ತೊಲೆ ಬದಲಿಸಲೇಬೇಕು. ಗೋಡೆ ಜಂಬಿಟ್ಟಿಗೆಯದಾದರೆ ಯಾರೂ ಸಿಮೆಂಟ್ ಗಿಲಾವು ಮಾಡದ ಹಾಗೆ ನೋಡಿಕೊಳ್ಳಿ. ಒಳಗಿನ ತೇವ ಹೊರಗೆ ಬರದೆ ಗೋಡೆಯೇ ಉದುರುತ್ತೆ, ಸುಣ್ಣದ ಗಾರೆಯೇ ಆಗಬೇಕು. ಮೇಲೆ ಜನ ಇದ್ದಾಗ ಕೆಳಗೆ ಕುಲುಮೆ ಹಚ್ಚುವ ಆಲೋಚನೆ ಬಿಟ್ಟುಬಿಡಿ. ಹಳೇ ಮರ, ಸಂದು, ಬೆಂಕಿ ಮೂರೂ ಒಂದೇ ಕಡೆ. ಸುಡುವ ದಿನ ಬೇರೆ, ತೋರಿಸುವ ದಿನ ಬೇರೆ. ಇಳಿಯೋಕೆ ಎರಡನೇ ಮೆಟ್ಟಿಲು ಇದೆಯಾ?

ಜೆಪ್ಪು_ಹೆಂಚು

ಒಂದೇ ಏಣಿಮೆಟ್ಟಿಲು, ಅದೂ ಕಡಿದು. ಇನ್ನೊಂದು ಹೊರಗಿನಿಂದ ಕಬ್ಬಿಣದ್ದು ಹಾಕಬಹುದು, ಹಿಂದೆ ಜಾಗ ಉಂಟು. ಭಾನುವಾರ ಮಾಲೀಕರ ಮಗನನ್ನು ಕರೆದುಕೊಂಡು ಹೋಗಿ ತೊಲೆ ಅಳತೆ, ಫೋಟೋ ಎಲ್ಲ ಇಲ್ಲೇ ಹಾಕುತ್ತೇನೆ. ಮಳೆ ನಿಲ್ಲುವ ಮೊದಲೇ ನೋಡುವುದು ಒಳ್ಳೆಯದು, ಎಲ್ಲೆಲ್ಲಿ ಸೋರುತ್ತೆ ಅಂತ ಈಗಲೇ ಗೊತ್ತಾಗುವುದು. ಹೆಂಚು ಹೊತ್ತವರಲ್ಲಿ ಇಬ್ಬರು ನಮ್ಮ ಓಣಿಯವರೇ. ಅವರನ್ನೂ ಕೇಳುತ್ತೇನೆ.